ಪರಿಹಾರವೆಂಬ ಹೆಸರು, ಸಹಾಯಧನದ ಲೆಕ್ಕ

ನಾಗಮಂಗಲ ತಾಲ್ಲೂಕಿನ ರೈತರೊಬ್ಬರ ಪತ್ರದ ಸಾರವಿದು: 2023ರ ಮುಂಗಾರಿನಲ್ಲಿ ಅವರ ಒಂದೂವರೆ ಎಕರೆ ರಾಗಿ ಒಣಗಿತು, ಮರುವರ್ಷದ ಬೇಸಿಗೆಯಲ್ಲಿ ಗುಡ್ಡದ ಕಡೆಯಿಂದ ಬಂದ ಕಾಳ್ಗಿಚ್ಚಿಗೆ ಹಳೆಯ ಹುಲ್ಲಿನ ಮೆದೆಯೂ ತೆಂಗಿನ ತೋಟದ ಒಂದು ಬದಿಯೂ ಸುಟ್ಟವು. "ಬರಕ್ಕೆ ಎರಡು ಕಂತಿನಲ್ಲಿ ಐದು ಸಾವಿರ ಚಿಲ್ಲರೆ ಬಂತು, ಬೆಂಕಿಗೆ ಬಿಡಿಗಾಸೂ ಇಲ್ಲ. ಇದು ಯಾವ ಲೆಕ್ಕ?" ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಲೆಕ್ಕ ತಪ್ಪಿಲ್ಲ, ತಪ್ಪಿರುವುದು ನಾವೆಲ್ಲ ಅದಕ್ಕಿಟ್ಟಿರುವ 'ಪರಿಹಾರ'ವೆಂಬ ಹೆಸರು. ವಿಪತ್ತು ಪರಿಹಾರ ನಿಧಿಯ ನಿಯಮಾವಳಿಯಲ್ಲಿ ಈ ಹಣಕ್ಕೆ 'ಇನ್‌ಪುಟ್ ಸಬ್ಸಿಡಿ' ಎಂದು ಹೆಸರು, ಅಂದರೆ ಮುಂದಿನ ಬಿತ್ತನೆಯ ಬೀಜ ಗೊಬ್ಬರಕ್ಕೆ ಒಂದಿಷ್ಟು ನೆರವು. ಕಳೆದುಹೋದ ಫಸಲಿನ ಬೆಲೆಯನ್ನು ತುಂಬಿಕೊಡುವ ಉದ್ದೇಶ ಅದಕ್ಕೆ ಇರಲೇ ಇಲ್ಲ. ಕೇಂದ್ರ ಗೃಹ ಸಚಿವಾಲಯವು 2022ರಲ್ಲಿ ಪರಿಷ್ಕರಿಸಿದ ದರದಂತೆ, ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾದಾಗ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ ₹8,500, ನೀರಾವರಿಗೆ ₹17,000, ತೆಂಗಿನಂಥ ಬಹುವಾರ್ಷಿಕ ಬೆಳೆಗೆ ₹22,500, ಅದೂ ಎರಡು ಹೆಕ್ಟೇರಿಗೆ ಮಿತಿಗೊಂಡು. ತಮ್ಮ ರಾಗಿಗೆ ಎಕರೆಗೆ ಸುಮಾರು ₹3,440ರಂತೆ ಒಟ್ಟು ₹5,160 ಆಗುತ್ತದೆ. ಮೊದಲು ರಾಜ್ಯ ಸರ್ಕಾರ ಕೊಟ್ಟ ಗರಿಷ್ಠ ₹2,000ದ ಕಂತನ್ನು ಇದರಲ್ಲೇ ಕಳೆದು ಉಳಿದದ್ದನ್ನು ಖಾತೆಗೆ ಹಾಕಿದ್ದಾರೆ.

2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿ ರಾಜ್ಯವು ಕೇಂದ್ರದಿಂದ ₹18,171 ಕೋಟಿ ಕೇಳಿತ್ತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ, 2024ರ ಏಪ್ರಿಲ್‌ನಲ್ಲಿ ಮಂಜೂರಾದದ್ದು ಸುಮಾರು ₹3,454 ಕೋಟಿ. ಬಿತ್ತನೆಗೆಂದು ಇರುವ ಹಣ ಬಿತ್ತನೆ, ಕೊಯ್ಲು ಎರಡರ ಕಾಲವೂ ಕಳೆದ ಮೇಲೆ ರೈತನ ಕೈ ಸೇರಿತೆಂಬುದೇ, ನನ್ನ ಮಟ್ಟಿಗೆ, ಮೊತ್ತಕ್ಕಿಂತ ದೊಡ್ಡ ದೂರು.

ಇನ್ನು ಬೆಂಕಿಯ ವಿಷಯ. ನಿಧಿಯ ವಿಪತ್ತುಗಳ ಪಟ್ಟಿಯಲ್ಲಿ ಬರದಂತೆ ಬೆಂಕಿಯೂ ಇದೆ. ಆದರೆ ಬರವನ್ನು ಸರ್ಕಾರವೇ ತಾಲ್ಲೂಕುವಾರು ಘೋಷಿಸುತ್ತದೆ, ಬೆಳೆ ಸಮೀಕ್ಷೆ ಮತ್ತು ಫ್ರೂಟ್ಸ್ ಸಂಖ್ಯೆಯ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆಧಾರದಲ್ಲಿ ಹಣ ತಾನಾಗಿ ಬರುತ್ತದೆ. ಒಂದು ತೋಟಕ್ಕೆ ಬಿದ್ದ ಬೆಂಕಿಯನ್ನು ಹಾಗೆ ಯಾರೂ ಘೋಷಿಸುವುದಿಲ್ಲ, ಸುಟ್ಟವರೇ ಹೋಗಿ ಹೇಳಬೇಕು. ತಾವು ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಮಾತು ಪತ್ರದಲ್ಲೆಲ್ಲೂ ಇಲ್ಲ. ಮೆದೆ ಬೆಳೆಯ ಲೆಕ್ಕಕ್ಕೆ ಸೇರದು, ತೆಂಗು ಸೇರಬಹುದು. ಬೆಳೆ ವಿಮೆಯನ್ನು ನೆಚ್ಚುವಂತಿಲ್ಲ: ಒಬ್ಬೊಬ್ಬರ ಹೊಲಕ್ಕೆ ಪ್ರತ್ಯೇಕವಾಗಿ ಆಗುವ ನಷ್ಟದಲ್ಲಿ, ಬೆಂಕಿಯ ಮಟ್ಟಿಗೆ, ಫಸಲ್ ಬಿಮಾ ಒಪ್ಪುವುದು ಸಿಡಿಲಿನಿಂದ ಹೊತ್ತಿದ ಬೆಂಕಿಯನ್ನು, ಅದನ್ನೂ 72 ಗಂಟೆಯೊಳಗೆ ತಿಳಿಸಿದ್ದರೆ.

ಪಹಣಿ ತಮ್ಮ ಹೆಸರಿನಲ್ಲಿದೆ ಎಂದು ಬರೆದಿದ್ದೀರಿ, ಅಷ್ಟರಮಟ್ಟಿಗೆ ತಾವು ಭಾಗ್ಯವಂತರು. ಪಕ್ಕದ ಹೊಲವನ್ನು ವಾರಕ್ಕೆ, ಅಂದರೆ ಫಸಲಿನ ಪಾಲಿಗೆ, ಮಾಡಿದವನ ಬೆವರಿಗೆ ಈ ವ್ಯವಸ್ಥೆಯಲ್ಲಿ ದಾಖಲೆಯೇ ಇಲ್ಲ. ಸುಟ್ಟ ಮರಗಳನ್ನು ತಾವಿನ್ನೂ ಕಡಿದಿಲ್ಲವಾದರೆ, ಕಡಿಯುವ ಮುನ್ನ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಮಹಜರು ಬರೆಸಿಕೊಳ್ಳಿ. ತಡವಾಯಿತೆಂದು ಅವರು ಒಪ್ಪದಿದ್ದರೆ, ಆ ಮಾತನ್ನು ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಕೇಳಿ ಪಡೆಯಿರಿ.

— ಸಂಪಾದಕ