ಫಾರ್ಮ್ಯಾಟ್ ಮಾಡಿದ ಮೇಲೂ ಫೋಟೋ ವಾಪಸ್ ಬರುತ್ತಿದ್ದರೆ

ನೀವು ಮಾಡಿರುವುದು ಕ್ವಿಕ್ ಫಾರ್ಮ್ಯಾಟ್ ಇರಬೇಕು. ಲ್ಯಾಪ್‌ಟಾಪ್ ಮಾರಲು ಡಿ ಡ್ರೈವ್ ಅಳಿಸಿದರೂ ರಿಕವರಿ ಸಾಫ್ಟ್‌ವೇರ್‌ನಲ್ಲಿ ಆಧಾರ್ ಸ್ಕ್ಯಾನ್, ಮನೆಯವರ ಫೋಟೋ ಎಲ್ಲಾ ಸಿಗುತ್ತಿದೆ ಅಂದಿದ್ದೀರಲ್ಲ. ಕ್ವಿಕ್ ಫಾರ್ಮ್ಯಾಟ್ ಪುಸ್ತಕದ ಪರಿವಿಡಿಯನ್ನಷ್ಟೇ ಹರಿಯುತ್ತದೆ, ಪುಟಗಳು ಹಾಗೇ ಇರುತ್ತವೆ.

ಮೊದಲು ಬೇಕಾದದ್ದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ಒಂದೆರಡು ಫೈಲ್ ತೆರೆದು ನೋಡಿ. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಎಚ್‌ಡಿಡಿಯೋ (ತಿರುಗುವ ತಟ್ಟೆಯ ಹಳೇ ಬಗೆಯ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ (ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ನೋಡಿ. ನೀವು ಹೇಳಿಲ್ಲ. ಫೈಲ್ ಇಷ್ಟು ಸಲೀಸಾಗಿ ವಾಪಸ್ ಬಂದಿರುವುದರಿಂದ ಎಚ್‌ಡಿಡಿ ಅಂತ ನನ್ನ ಊಹೆ.

ಎಚ್‌ಡಿಡಿ ಆದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ದಿಸ್ ಪಿಸಿ, ನಂತರ ರಿಮೂವ್ ಎವೆರಿಥಿಂಗ್. ಇಲ್ಲಿ ಸುಮ್ನೆ ನೆಕ್ಸ್ಟ್ ಒತ್ತಬೇಡಿ. ಚೇಂಜ್ ಸೆಟ್ಟಿಂಗ್ಸ್ ಒಳಗೆ ಹೋಗಿ ಕ್ಲೀನ್ ಡೇಟಾ ಆನ್ ಮಾಡಿ, ಅದು ಹಳೇ ಡೇಟಾದ ಮೇಲೆ ಬೇರೆ ಬರೆದು ಅಳಿಸುತ್ತದೆ. ಎಲ್ಲಾ ಡ್ರೈವ್ ಅಳಿಸುವ ಆಯ್ಕೆಯೂ ಅಲ್ಲೇ ಇದೆ, ಅದನ್ನೂ ಆನ್ ಮಾಡಿ. ನಾನು ಮೊದಲ ಸಲ ಅದನ್ನು ಬಿಟ್ಟಿದ್ದೆ, ಸಿ ಮಾತ್ರ ಖಾಲಿಯಾಗಿ ಡಿ ಹಾಗೇ ಉಳಿದಿತ್ತು. ಗಂಟೆಗಟ್ಟಲೆ ಹಿಡಿಯುತ್ತದೆ, ಚಾರ್ಜರ್ ಹಾಕಿಯೇ ಇಡಿ.

ಎಸ್‌ಎಸ್‌ಡಿ ಆದರೆ ಹೀಗೆ ಮೇಲೆ ಬರೆದು ಅಳಿಸುವುದನ್ನು ಪೂರ್ತಿ ನಂಬಲಾಗದು. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್) ಅಥವಾ ಡಿಸ್ಕ್ ಕಂಪನಿಯ ಟೂಲ್‌ನಲ್ಲಿ ಸೆಕ್ಯೂರ್ ಎರೇಸ್, ಅಂದರೆ ಇಡೀ ಡಿಸ್ಕನ್ನು ಅಳಿಸುವ ಆಯ್ಕೆ, ಇದೆಯಾ ನೋಡಿ. ವಿಂಡೋಸ್ ಕೂಡ ಹೋಗುತ್ತದೆ, ಅದನ್ನು ಮತ್ತೆ ಹಾಕಲು ಇನ್‌ಸ್ಟಾಲ್ ಪೆನ್‌ಡ್ರೈವ್ ಮೊದಲೇ ಮಾಡಿಟ್ಟುಕೊಳ್ಳಿ.

ಆಂಡ್ರಾಯ್ಡ್ ಫೋನ್ ಬಗ್ಗೆಯೂ ಕೇಳಿದ್ದೀರಿ. ಈಚಿನ ಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ (ಕೀಲಿ ಇಲ್ಲದೆ ಓದಲಾಗದಂತೆ ಗುಪ್ತವಾಗಿರುತ್ತದೆ), ಫ್ಯಾಕ್ಟರಿ ರೀಸೆಟ್ ಸಾಕು. ಅದಕ್ಕೂ ಮೊದಲು ಗೂಗಲ್ ಅಕೌಂಟ್ ತೆಗೆಯಿರಿ, ಇಲ್ಲದಿದ್ದರೆ ಕೊಂಡವರಿಗೆ ಫೋನ್ ಲಾಕ್ ಆಗಬಹುದು. ಮೆಮರಿ ಕಾರ್ಡ್ ಕೊಡಲೇಬೇಡಿ.

ಮುಗಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಅದೇ ರಿಕವರಿ ಸಾಫ್ಟ್‌ವೇರ್ ಇನ್ನೊಮ್ಮೆ ಓಡಿಸಿ. ಹಳೇ ಫೈಲ್ ಒಂದೂ ಕಾಣದಿದ್ದರೆ ಮಾರಬಹುದು.