ಅಪ್‌ಡೇಟ್‌ನಿಂದ ಆಗುವುದೆಷ್ಟು, ಆಗದಿರುವುದೆಷ್ಟು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಂಚಿಕೆಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಆಯ್ದುಕೊಂಡಿದ್ದೇವೆ. ಉಪಕರಣಗಳು ಬೇರೆ ಬೇರೆಯಾದರೂ ಎಲ್ಲರ ಸಂಶಯವೂ ಒಂದೇ: ತೊಂದರೆ ಇರುವುದು ವಸ್ತುವಿನಲ್ಲಿಯೋ, ಅದರ ಫರ್ಮ್‌ವೇರ್‌ನಲ್ಲಿಯೋ, ಅಥವಾ ಎರಡೂ ಸರಿಯಿದ್ದು ಕಂಪನಿಯೇ ಬೀಗ ಹಾಕಿದೆಯೋ? ಉಪಕರಣದ ಚಿಪ್‌ನಲ್ಲಿ ಕಾರ್ಖಾನೆಯಲ್ಲಿಯೇ ತುಂಬಿಸಿ ಕಳುಹಿಸುವ, ಅದನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರೇ ಫರ್ಮ್‌ವೇರ್.

ಪ್ರಶ್ನೆ: ನಮ್ಮ 43 ಇಂಚಿನ ಸ್ಮಾರ್ಟ್ ಟಿವಿಯನ್ನು 2017ರಲ್ಲಿ ಕೊಂಡಿದ್ದೆವು. ಚಿತ್ರ ಈಗಲೂ ಸ್ವಚ್ಛವಾಗಿ ಬರುತ್ತದೆ. ಆದರೆ ಎರಡು ಒಟಿಟಿ ಆ್ಯಪ್‌ಗಳು ‘ಈ ಸಾಧನದಲ್ಲಿ ಇನ್ನು ಮುಂದೆ ಲಭ್ಯವಿಲ್ಲ’ ಎಂದು ತೋರಿಸಿ ನಿಂತುಹೋಗಿವೆ. ರಿಪೇರಿಯವರು ‘ಪೆನ್‌ಡ್ರೈವ್‌ದಾಗ ಹೊಸ ಸಾಫ್ಟ್‌ವೇರ್ ಹಾಕಿ ಕೊಡ್ತೀನ್ರಿ, ದೀಡ ಸಾವಿರ ಆಗ್ತೈತಿ’ ಎನ್ನುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಹಾಕಿಸಬೇಡಿ. ನಿಮ್ಮ ಟಿವಿಯ ಪರದೆ ಚೆನ್ನಾಗಿಯೇ ಇದೆ. ವಯಸ್ಸಾಗಿರುವುದು ಅದರ ಹಿಂದಿರುವ ಬೋರ್ಡಿಗೆ. ಆ ಕಾಲದ ಮಧ್ಯಮ ಬೆಲೆಯ ಟಿವಿಗಳಲ್ಲಿ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಜಿಬಿ ರ‍್ಯಾಮ್, ನಾಲ್ಕರಿಂದ ಎಂಟು ಜಿಬಿ ಸಂಗ್ರಹ ಇರುತ್ತಿತ್ತು, ಅದರಲ್ಲಿಯೂ ದೊಡ್ಡ ಪಾಲನ್ನು ಫರ್ಮ್‌ವೇರೇ ಹಿಡಿದುಕೊಳ್ಳುತ್ತಿತ್ತು. ಈ ಚಿಪ್‌ಗಳನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರಾದ್ದರಿಂದ ಕಂಪ್ಯೂಟರಿನಲ್ಲಿ ಮಾಡುವಂತೆ ಚಿಕ್ಕದನ್ನು ತೆಗೆದು ದೊಡ್ಡದನ್ನು ಕೂರಿಸಲು ಬರುವುದಿಲ್ಲ. ಎರಡು ಕೋಣೆಯ ಮನೆಗೆ ಎಷ್ಟು ಸಲ ಸುಣ್ಣ ಹೊಡೆದರೂ ಮೂರನೆಯ ಕೋಣೆ ಹುಟ್ಟುವುದಿಲ್ಲ.

ಆದರೆ ಆ್ಯಪ್ ನಿಲ್ಲುವುದಕ್ಕೆ ಜಾಗದ ಕೊರತೆಯೊಂದೇ ಕಾರಣವಲ್ಲ. ಚಲನಚಿತ್ರಗಳನ್ನು ಯಾರೂ ನಕಲು ಮಾಡದಂತೆ ಕಾಯುವ ಗೂಢಲಿಪಿ ವ್ಯವಸ್ಥೆ ಟಿವಿಯ ಚಿಪ್ ಮತ್ತು ಫರ್ಮ್‌ವೇರ್ ಎರಡನ್ನೂ ಅವಲಂಬಿಸಿರುತ್ತದೆ, ಮತ್ತು ಆ ವ್ಯವಸ್ಥೆ ಬದಲಾದಾಗ ಹಳೆಯ ಟಿವಿಗಳು ಹಿಂದೆ ಉಳಿಯುತ್ತವೆ. 2019ರ ಡಿಸೆಂಬರ್ 1ರಿಂದ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಸ್ಯಾಮ್‌ಸಂಗ್ ಟಿವಿಗಳಲ್ಲಿಯೂ ರೋಕು ಎಂಬ ಕಂಪನಿಯ, ಟಿವಿಗೆ ಜೋಡಿಸುವ ಸ್ಟ್ರೀಮಿಂಗ್ ಪೆಟ್ಟಿಗೆಗಳಲ್ಲಿಯೂ ನಿಂತಾಗ ಕೊಟ್ಟ ಕಾರಣ ‘ತಾಂತ್ರಿಕ ಮಿತಿ’ ಎಂಬುದಾಗಿತ್ತು. ಇನ್ನೊಂದು ಸಂಗತಿ ಪ್ರಮಾಣಪತ್ರಗಳದು. ತಾನು ಸಂಪರ್ಕಿಸುತ್ತಿರುವ ಸರ್ವರ್ ಅಸಲಿಯೇ ಎಂದು ಟಿವಿ ಪರೀಕ್ಷಿಸುವುದು ಫರ್ಮ್‌ವೇರ್‌ನಲ್ಲಿ ಇಟ್ಟಿರುವ ಡಿಜಿಟಲ್ ಪ್ರಮಾಣಪತ್ರಗಳ ಆಧಾರದಿಂದ, ಮತ್ತು ಅವುಗಳಿಗೆ ಮುಕ್ತಾಯದ ದಿನಾಂಕವಿರುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂತರಜಾಲದಲ್ಲಿ ಬಹಳ ಬಳಕೆಯಲ್ಲಿದ್ದ ಅಂತಹ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹೊಸದು ಸೇರದೆ ಉಳಿದಿದ್ದ ಎಷ್ಟೋ ಹಳೆಯ ಉಪಕರಣಗಳು ಒಂದೇ ದಿನದಲ್ಲಿ ಅನೇಕ ಜಾಲತಾಣಗಳಿಗೆ ಹೊರಗಾದವು. ಇಂಥದ್ದು ಒಂದು ಸಣ್ಣ ಅಪ್‌ಡೇಟ್‌ನಿಂದ ಸರಿಹೋಗಬಹುದಾದ ದೋಷ. ಆದರೆ ಆ ಅಪ್‌ಡೇಟ್ ಟಿವಿ ತಯಾರಿಸಿದ ಕಂಪನಿಯಿಂದಲೇ ಬರಬೇಕು, ಮತ್ತು ಏಳೆಂಟು ವರ್ಷದ ಹಿಂದೆ ಮಾರಿದ ಮಾದರಿಗೆ ಅದನ್ನು ಸಿದ್ಧಪಡಿಸುವ ಉತ್ಸಾಹ ಯಾವ ಕಂಪನಿಗೂ ಇರುವುದಿಲ್ಲ.

ಇನ್ನು ಪೆನ್‌ಡ್ರೈವ್ ವಿಷಯ. ಟಿವಿಯ ಹೊರಗಿನ ಮಾದರಿ ಸಂಖ್ಯೆ ಒಂದೇ ಆಗಿದ್ದರೂ ಒಳಗಿನ ಪ್ಯಾನೆಲ್ ಬೇರೆ ಬೇರೆ ಕಡೆಯಿಂದ ಬಂದಿರುವುದುಂಟು. ಬೇರೆ ಪ್ಯಾನೆಲ್‌ಗೆ ಬರೆದ ಕಡತವನ್ನು ಹಾಕಿದರೆ ಚಿತ್ರ ತಲೆಕೆಳಗಾಗಿ ಬರಬಹುದು, ಬಣ್ಣಗಳು ಅದಲುಬದಲಾಗಬಹುದು, ಅಥವಾ ಕೆಂಪು ದೀಪ ಮಾತ್ರ ಉಳಿಯಬಹುದು. ಕಡತ ಸರಿಯಿದ್ದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಚಿಪ್‌ನಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಉಳಿದು ಟಿವಿ ಏಳುವುದೇ ಇಲ್ಲ. ಆಮೇಲೆ ಚಿಪ್ ಬಿಚ್ಚಿ ಪ್ರತ್ಯೇಕ ಯಂತ್ರದಲ್ಲಿ ಬರೆಸಬೇಕಾಗುತ್ತದೆ. ನಮ್ಮ ಕಡೆಯ ಬೇಸಿಗೆಯ ಕರೆಂಟಿನ ಪರಿ ನಿಮಗೆ ಹೇಳಬೇಕಾಗಿಲ್ಲ.

ಆ ದೀಡ ಸಾವಿರಕ್ಕೆ ಇನ್ನಷ್ಟು ಸೇರಿಸಿ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಕೊಳ್ಳಿರಿ. ಆ್ಯಪ್‌ಗಳೆಲ್ಲ ಅದರ ಚಿಪ್‌ನಲ್ಲಿ ನಡೆಯುತ್ತವೆ, ನಿಮ್ಮ ಟಿವಿ ಚಿತ್ರ ತೋರಿಸಿದರೆ ಸಾಕು. ಅದಕ್ಕೆ ವಿದ್ಯುತ್ತನ್ನು ಟಿವಿಯ ಯುಎಸ್‌ಬಿಯಿಂದ ಕೊಡದೆ ಅದರ ಅಡಾಪ್ಟರಿನಿಂದಲೇ ಕೊಡಿ. ಟಿವಿಯ ಹಳೆಯ ಯುಎಸ್‌ಬಿ ಕಿಂಡಿ ಸಾಮಾನ್ಯವಾಗಿ ಅರ್ಧ ಆಂಪಿಯರ್ ಮಾತ್ರ ಕೊಡುವುದರಿಂದ ಸ್ಟಿಕ್ ನಡುನಡುವೆ ಬಂದಾಗಿ ಮತ್ತೆ ಚಾಲೂ ಆಗುತ್ತಿರುತ್ತದೆ.

ಪ್ರಶ್ನೆ: ಮನೆಗೆ ಹೊಸ ರೌಟರ್ ಬಂದ ಮೇಲೆ ಹಳೆಯ ವೈಫೈ ಕ್ಯಾಮೆರಾ ಅದಕ್ಕೆ ಸೇರುತ್ತಿಲ್ಲ. ಕ್ಯಾಮೆರಾ ಅಪ್‌ಡೇಟ್ ಮಾಡಿದರೆ ಆದೀತೇ?
– ಓದುಗರೊಬ್ಬರು, ಇಳಕಲ್ಲ, ಬಾಗಲಕೋಟೆ ಜಿಲ್ಲೆ

ಉತ್ತರ: ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ರೇಡಿಯೊ 2.4 ಗಿಗಾಹರ್ಟ್ಜ್‌ನದು ಮಾತ್ರ; ಯಾವ ಅಪ್‌ಡೇಟೂ ಅದನ್ನು 5 ಗಿಗಾಹರ್ಟ್ಜ್‌ಗೆ ಏರಿಸುವುದಿಲ್ಲ. ರೌಟರ್ ಹೊರಡಿಸುವ 2.4 ಮತ್ತು 5ರ ಎರಡೂ ತರಂಗಗಳಿಗೆ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಟ್ಟು, ವೈಫೈ ಭದ್ರತೆಯನ್ನು ಹೊಸ ಬಗೆಯಾದ ಡಬ್ಲ್ಯುಪಿಎ3ರ ಬದಲು ಹಳೆಯ ಡಬ್ಲ್ಯುಪಿಎ2ಕ್ಕೆ ಇಟ್ಟು, ಕ್ಯಾಮೆರಾವನ್ನು 2.4ರ ಹೆಸರಿಗೆ ಸೇರಿಸಿ ನೋಡಿ.

ಪ್ರಶ್ನೆ: 2021ರಲ್ಲಿ ಕೊಂಡ ನನ್ನ ಫೋನಿನ ಡಬ್ಬಿಯ ಮೇಲೆ 5ಜಿ ಎಂದು ದೊಡ್ಡದಾಗಿ ಬರೆದಿದೆ. ಒಂದು ಸಿಮ್‌ನಲ್ಲಿ 5ಜಿ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಅದೇ ಕೋಣೆಯಲ್ಲಿ ನನ್ನ ತಮ್ಮನ ಫೋನಿನಲ್ಲಿ ಎರಡೂ ಬರುತ್ತವೆ.
– ಶಿಕ್ಷಕಿ, ನವನಗರ, ಬಾಗಲಕೋಟೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಗೆಯ ಮಿತಿಗಳೂ ಒಟ್ಟಿಗೆ ಬಂದಿವೆ. ಭಾರತದಲ್ಲಿ 5ಜಿ ಸೇವೆ ಉದ್ಘಾಟನೆಯಾದದ್ದು 2022ರ ಅಕ್ಟೋಬರ್ 1ರಂದು. ಅಂದರೆ ನಿಮಗೆ ಫೋನು ಮಾರಿದ ದಿನ ದೇಶದಲ್ಲಿ ಆ ಸೇವೆಯೇ ಇರಲಿಲ್ಲ. ಸೇವೆ ಆರಂಭವಾದಾಗಲೂ, ಬೇಕಾದ ಚಿಪ್ ಮತ್ತು ಆಂಟೆನಾಗಳಿದ್ದ ಎಷ್ಟೋ ಫೋನುಗಳಲ್ಲಿ ಫರ್ಮ್‌ವೇರ್ ಅದನ್ನು ತೆರೆದಿರಲಿಲ್ಲ. ಐಫೋನ್‌ಗಳಲ್ಲಿಯೂ ನಮ್ಮ ದೇಶದ 5ಜಿ ತೆರೆದುಕೊಂಡದ್ದು ಆ ವರ್ಷದ ಡಿಸೆಂಬರ್‌ನಲ್ಲಿ ಐಒಎಸ್ 16.2 ಬಂದ ಮೇಲೆ. ಇದು ಕಂಪನಿಯ ಕೈಯಲ್ಲಿದ್ದ ಬೀಗ, ಆದ್ದರಿಂದ ಅಪ್‌ಡೇಟ್‌ನಿಂದ ತೆರೆಯಿತು.

ಎರಡನೆಯದು ಹಾಗಲ್ಲ. ಏರ್‌ಟೆಲ್ ಆರಂಭದಲ್ಲಿ ತನ್ನ 5ಜಿಯನ್ನು 4ಜಿ ಜಾಲದ ಬೆನ್ನ ಮೇಲೆಯೇ ನಡೆಸಿತು. ಜಿಯೊ 4ಜಿಯ ಆಸರೆಯಿಲ್ಲದ ಸ್ವತಂತ್ರ 5ಜಿಯನ್ನು ಆರಿಸಿಕೊಂಡು, 3300 ಮೆಗಾಹರ್ಟ್ಜ್‌ನ ಜೊತೆಗೆ ಗೋಡೆಗಳನ್ನು ಚೆನ್ನಾಗಿ ದಾಟುವ 700 ಮೆಗಾಹರ್ಟ್ಜ್ ತರಂಗವನ್ನೂ ಬಳಸಿತು. 2021ರ ಕೆಲವು ಫೋನುಗಳಲ್ಲಿ ಒಂದೋ ಎರಡೋ 5ಜಿ ಬ್ಯಾಂಡ್ (ಫೋನು ಹಿಡಿಯಬಲ್ಲ ತರಂಗಗಳ ಗುಂಪು) ಮಾತ್ರ ಇದ್ದವು. ಸ್ವತಂತ್ರ 5ಜಿಯನ್ನು ಫರ್ಮ್‌ವೇರ್ ತೆರೆದಿಲ್ಲವಾದರೆ ಅಪ್‌ಡೇಟ್‌ಗೆ ಆಸೆ ಇಟ್ಟುಕೊಳ್ಳಬಹುದು. 700ರ ತರಂಗಕ್ಕೆ ಬೇಕಾದ ಫಿಲ್ಟರ್, ಆಂಪ್ಲಿಫೈಯರ್‌ಗಳೇ ಒಳಗೆ ಇಲ್ಲವಾದರೆ ಆ ಆಸೆಯನ್ನು ಬಿಡಬೇಕು. ಸೆಟ್ಟಿಂಗ್ಸ್‌ನಲ್ಲಿ ಪೂರ್ಣ ಮಾದರಿ ಸಂಖ್ಯೆಯನ್ನು ನೋಡಿ, ಕಂಪನಿಯ ತಾಣದಲ್ಲಿ ಆ ಸಂಖ್ಯೆಯ ಬ್ಯಾಂಡ್ ಪಟ್ಟಿಯಲ್ಲಿ ಎನ್28 ಮತ್ತು ಎನ್78 ಇವೆಯೇ ಎಂದು ಪರಿಶೀಲಿಸಿ. ಎನ್28 ಎಂದರೆ 700ರದು, ಎನ್78 ಎಂದರೆ 3300ರದು. ಡಬ್ಬಿಯ ಮೇಲೆ ‘5ಜಿ’ ಎಂದು ಬರೆಯುವವರು ಅದರ ಪಕ್ಕದಲ್ಲೇ ಬ್ಯಾಂಡುಗಳನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನನ್ನದು ಆನ್‌ಲೈನ್ ಸೆಂಟರ್. ಪರೀಕ್ಷಾ ಅರ್ಜಿಗಳ ಗದ್ದಲದ ನಡುವೆ ಇಂಕ್‌ಟ್ಯಾಂಕ್ ಪ್ರಿಂಟರ್ ದಿಢೀರನೆ ನಿಂತು, ಎರಡು ದೀಪಗಳು ಒಟ್ಟಿಗೆ ಮಿಣುಕುತ್ತಿವೆ. ‘ಇಂಕ್ ಪ್ಯಾಡ್ ಅವಧಿ ಮುಗಿದಿದೆ’ ಎಂಬ ಸಂದೇಶ ಬರುತ್ತದೆ. ಮುನ್ನಾದಿನದವರೆಗೆ ಮುದ್ರಣ ಚೆನ್ನಾಗಿತ್ತು. ಬೆಳಗಾವಿಯಲ್ಲಿ ಒಬ್ಬರು ಸಾಫ್ಟ್‌ವೇರ್‌ನಿಂದ ರಿಸೆಟ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಇದು ಕಂಪನಿಯ ಮೋಸವೇ?
– ಅಂಗಡಿ ಮಾಲೀಕರು, ಚಿಕ್ಕೋಡಿ, ಬೆಳಗಾವಿ ಜಿಲ್ಲೆ

ಉತ್ತರ: ಪೂರ್ತಿ ಮೋಸವಲ್ಲ, ಪೂರ್ತಿ ಪ್ರಾಮಾಣಿಕವೂ ಅಲ್ಲ. ನೀವು ಹೆಡ್ ಕ್ಲೀನಿಂಗ್ (ಕಾಗದಕ್ಕೆ ಇಂಕ್ ಸಿಂಪಡಿಸುವ ಭಾಗದ ಶುಚಿ) ಒತ್ತಿದಾಗಲೆಲ್ಲ ಪ್ರಿಂಟರು ಒಂದಿಷ್ಟು ಇಂಕನ್ನು ಕಾಗದಕ್ಕೆ ಕೊಡದೆ, ಸಣ್ಣ ಕೊಳವೆಯ ಮೂಲಕ ತಳದಲ್ಲಿರುವ ಹೀರುವ ಪ್ಯಾಡಿಗೆ ಹರಿಸುತ್ತದೆ. ಪ್ಯಾಡಿಗೆ ಒಂದು ಹೀರಿಕೆಯ ಮಿತಿಯಿದೆ, ಅದು ನಿಜವಾದ ಹಾರ್ಡ್‌ವೇರ್ ಮಿತಿ. ಆದರೆ ಬಹಳಷ್ಟು ಮಾದರಿಗಳಲ್ಲಿ ಪ್ಯಾಡ್ ಎಷ್ಟು ನೆನೆದಿದೆ ಎಂದು ನೋಡುವ ಸಂವೇದಕ ಇರುವುದಿಲ್ಲ. ಎಷ್ಟು ಕ್ಲೀನಿಂಗ್ ಆಯಿತು, ಪ್ರತಿ ಸಲ ಎಷ್ಟು ಇಂಕ್ ಹೋಗಿರಬಹುದು ಎಂದು ಫರ್ಮ್‌ವೇರ್ ಲೆಕ್ಕ ಇಡುತ್ತದೆ, ಲೆಕ್ಕ ನಿಗದಿತ ಅಂಕಿಗೆ ಮುಟ್ಟಿದೊಡನೆ ಯಂತ್ರವನ್ನು ನಿಲ್ಲಿಸುತ್ತದೆ. ಬಳಕೆದಾರನೇ ಪ್ಯಾಡ್ ಬದಲಿಸಿ ಲೆಕ್ಕವನ್ನು ಸೊನ್ನೆಗೆ ತರಲು ಮೆನುವಿನಲ್ಲಿ ದಾರಿ ಇಡದಿರುವುದು ಮಾತ್ರ ಕಂಪನಿಯ ಆಯ್ಕೆ. ಪ್ಯಾಡುಗಳನ್ನು ಒಂದು ತಿರುಪಿನಿಂದ ಬಿಚ್ಚಿ ಬದಲಿಸಬಹುದಾದ ಪೆಟ್ಟಿಗೆಯಲ್ಲಿಟ್ಟ ಮಾದರಿಗಳೂ ಮಾರುಕಟ್ಟೆಯಲ್ಲಿರುವುದರಿಂದ ಇದು ಅಸಾಧ್ಯವೆಂದು ಹೇಳಲು ಬರುವುದಿಲ್ಲ.

ಆದ್ದರಿಂದ ವಾರಂಟಿ ಮುಗಿದಿದ್ದರೆ ರಿಸೆಟ್ ಮಾಡಿಸಿ, ಆದರೆ ಪ್ಯಾಡ್ ಬದಲಿಸದೆ ಅಲ್ಲ. ಹಿಂಬದಿಯ ಅಥವಾ ಪಕ್ಕದ ಮುಚ್ಚಳ ತೆಗೆದರೆ ಪ್ಯಾಡ್ ಕಪ್ಪಗೆ ತೊಯ್ದು ಅಂಚಿನವರೆಗೂ ಇಂಕ್ ಏರಿರುವುದು ಕಣ್ಣಿಗೇ ಕಾಣಿಸುತ್ತದೆ. ಅದನ್ನು ಹಾಗೆಯೇ ಬಿಟ್ಟು ಅಂಕಿಯನ್ನಷ್ಟೇ ಸೊನ್ನೆ ಮಾಡಿದರೆ ಇಂಕ್ ತಳದಿಂದ ಸೋರಿ ಮೊದಲು ಮೇಜನ್ನು, ಆಮೇಲೆ ಬೋರ್ಡನ್ನು ಕೆಡಿಸುತ್ತದೆ. ಇನ್ನೊಂದು ಮಾತು: ಅಂಗಡಿ ಮುಚ್ಚುವಾಗ ಪ್ರಿಂಟರನ್ನು ಅದರ ಗುಂಡಿಯಿಂದ ಆರಿಸಿ, ಬಳಿಕ ಗೋಡೆಯ ಸ್ವಿಚ್ ತೆಗೆಯಿರಿ. ನೇರವಾಗಿ ಗೋಡೆಯ ಸ್ವಿಚ್ ಒತ್ತಿದರೆ ಹೆಡ್ ತನ್ನ ಮುಚ್ಚಳದ ಮೇಲೆ ಸರಿಯಾಗಿ ಕೂರದೆ ಒಣಗುತ್ತದೆ, ಮರುದಿನ ಮತ್ತೆ ಕ್ಲೀನಿಂಗ್ ಬೇಕಾಗುತ್ತದೆ, ಆ ಇಂಕೂ ಪ್ಯಾಡಿಗೇ ಹೋಗುತ್ತದೆ.

ಪ್ರಶ್ನೆ: ಕಂಪನಿಯೇ ಕಳುಹಿಸಿದ ಅಪ್‌ಡೇಟ್ ಹಾಕಿದ ಮೇಲೆ ನನ್ನ ಫೋನು ಬಹಳ ನಿಧಾನವಾಗಿದೆ. ಹಳೆಯದಕ್ಕೆ ಮರಳಬಹುದೇ? ಗ್ರಾಹಕ ಆಯೋಗಕ್ಕೆ ಹೋಗಬಹುದೇ?
– ನಿವೃತ್ತ ಶಿಕ್ಷಕರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ಎರಡು ಮೂರು ದಿನ ಕಾಯಿರಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಫೋನು ಎಲ್ಲ ಆ್ಯಪ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳುವುದರಿಂದ ಕೆಲಕಾಲ ಬಿಸಿಯಾಗುವುದು, ತಡವರಿಸುವುದು ಸಹಜ. ಆಮೇಲೂ ಹಾಗೆಯೇ ಇದ್ದರೆ ಸಂಗ್ರಹದಲ್ಲಿ ಸಾಕಷ್ಟು ಜಾಗವಿದೆಯೇ, ಬ್ಯಾಟರಿ ಹೇಗಿದೆ ಎಂದು ನೋಡಿ. ಹಿಂದಕ್ಕೆ ಹೋಗುವುದು ಬಹಳ ಫೋನುಗಳಲ್ಲಿ ಸಾಧ್ಯವಿಲ್ಲ. ಹಳೆಯ ಆವೃತ್ತಿಯ ಭದ್ರತಾ ದೋಷಗಳನ್ನು ಯಾರೂ ದುರ್ಬಳಕೆ ಮಾಡದಿರಲೆಂದು, ಅಪ್‌ಡೇಟ್ ಆದಾಗ ಚಿಪ್‌ನೊಳಗಿನ ಅತಿಸೂಕ್ಷ್ಮ ಫ್ಯೂಸ್ ಒಂದನ್ನು ಶಾಶ್ವತವಾಗಿ ಸುಟ್ಟುಬಿಡುವ ವ್ಯವಸ್ಥೆ ಕೆಲವು ಫೋನುಗಳಲ್ಲಿದೆ, ಮತ್ತು ಅದಾದ ಮೇಲೆ ಹಳೆಯ ಫರ್ಮ್‌ವೇರನ್ನು ಚಿಪ್ ಒಪ್ಪುವುದಿಲ್ಲ.

ನಿಮ್ಮ ಸಂಶಯಕ್ಕೆ ಪೂರ್ವನಿದರ್ಶನಗಳಿವೆ. ಹಳತಾದ ಬ್ಯಾಟರಿಯ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಲಿಥಿಯಂ ಬ್ಯಾಟರಿ ಹಳತಾದಂತೆ ಅದರ ಒಳರೋಧ ಹೆಚ್ಚಿ, ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದಾಗ ಫೋನು ಹಠಾತ್ತಾಗಿ ಆರಿಹೋಗುತ್ತದೆ ಎಂಬ ವಿವರಣೆ ತಾಂತ್ರಿಕವಾಗಿ ಸರಿಯೇ. ಮಾಲೀಕರಿಗೆ ತಿಳಿಸದೆ ಮಾಡಿದ್ದು ಮಾತ್ರ ತಪ್ಪು, ಏಕೆಂದರೆ ಬ್ಯಾಟರಿ ಬದಲಿಸಿದರೆ ಸಾಕಿತ್ತೆಂದು ತಿಳಿಯದೆ ಹೊಸ ಫೋನು ಕೊಂಡವರಿದ್ದರು. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇಂತಹ ಅಪ್‌ಡೇಟ್‌ಗಳಿಗಾಗಿ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ವಿಧಿಸಿತು. ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ, ಫೋನಿನ ಮಾದರಿಯೊಂದರ ಮಾರಾಟ ನಿಂತ ಮೇಲೆಯೂ ಕನಿಷ್ಠ ಐದು ವರ್ಷ ಅಪ್‌ಡೇಟ್ ದೊರೆಯಬೇಕೆಂಬ ನಿಯಮ ತಂದಿದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆದಿದೆ. ಅದರಲ್ಲಿ ದುರಸ್ತಿಯ ಮಾಹಿತಿ ಸಿಗುತ್ತದೆಯೇ ಹೊರತು ಅಪ್‌ಡೇಟ್‌ನ ಖಾತರಿಯಲ್ಲ.

ಆದರೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಿಮ್ಮ ಕೈಯಲ್ಲಿದೆ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಅಂದರೆ ಬಾಗಲಕೋಟೆಯಲ್ಲಿಯೇ, ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಆದರೆ ತೊಂದರೆ ಉಂಟಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೆ ಮೊದಲು ಕಂಪನಿಗೆ ಲಿಖಿತವಾಗಿ ಬರೆದು ಉತ್ತರಕ್ಕೆ ಕಾಯಿರಿ, ಬಳಿಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಬಿಲ್ಲು, ಅಪ್‌ಡೇಟ್‌ನ ಆವೃತ್ತಿ ಸಂಖ್ಯೆ ಕಾಣುವ ಸ್ಕ್ರೀನ್‌ಶಾಟ್, ಅದು ಬಂದ ದಿನಾಂಕ ಮತ್ತು ಸರ್ವಿಸ್ ಸೆಂಟರಿನವರು ಕೊಟ್ಟ ಜಾಬ್‌ಶೀಟ್ ಇವುಗಳನ್ನು ಜೋಪಾನವಾಗಿಡಿ. ‘ಬೋರ್ಡ್ ಹೋಗಿದೆ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ ಅದನ್ನು ಜಾಬ್‌ಶೀಟಿನ ಮೇಲೆ ಬರೆದು ಸಹಿ ಮಾಡಿ ಕೊಡಲು ಕೇಳಿ.