ಹಲಗೆ ಓರೆಯಾದಾಗ ಸೈನ್ ಎಲ್ಲಿಂದ ಬಂತು?

ಪ್ರಶ್ನೆ: ಅಡಿಕೆ ಚೀಲಗಳನ್ನು ಹಲಗೆಯ ಮೇಲೆ ದೂಡಿ ಪಿಕಪ್‌ಗೆ ಏರಿಸುತ್ತೇವೆ. ಪ್ಲಸ್ ವನ್ ಓದುವ ಮಗಳು ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಚೀಲವನ್ನು ಕೆಳಕ್ಕೆ ಜಾರಿಸುವ ಬಲ ‘ತೂಕ × ಸೈನ್’ ಎಂದು ಬರೆದಳು. ಕಾಸ್ ಏಕಲ್ಲ ಎಂದು ಕೇಳಿದರೆ ‘ಸೂತ್ರ ಹಾಗೇ ಇದೆ’ ಎನ್ನುತ್ತಾಳೆ.
— ಅಡಿಕೆ ಕೃಷಿಕರೊಬ್ಬರು, ಪೆರ್ಲ

ಉತ್ತರ: ‘ಸೂತ್ರ ಹಾಗೇ ಇದೆ’ ಎಂಬುದಕ್ಕೆ ನಾನು ಅರ್ಧ ಅಂಕವನ್ನೂ ಕೊಡುವವನಲ್ಲ. ಹಲಗೆಯನ್ನು ಅಂಗಳದಲ್ಲಿ ಮಲಗಿಸಿ, ಅದಕ್ಕೆ ಲಂಬವಾಗಿ ಒಂದು ಕಡ್ಡಿ ನಿಲ್ಲಿಸಿ. ಕಡ್ಡಿಯ ತುದಿಗೆ ದಾರ ಕಟ್ಟಿ ಒಂದು ಅಡಿಕೆ ತೂಗಬಿಡಿ. ದಾರ ಕಡ್ಡಿಗೆ ಅಂಟಿಕೊಂಡೇ ಇರುತ್ತದೆ. ಈಗ ಹಲಗೆಯ ಒಂದು ತುದಿಯನ್ನು ಎತ್ತಿ. ಕಡ್ಡಿ ಹಲಗೆಯೊಡನೆ ವಾಲುತ್ತದೆ. ದಾರ ಮಾತ್ರ ನೆಟ್ಟಗೆ ನೆಲದ ಕಡೆಗೇ. ಹಲಗೆ ಎಷ್ಟು ಡಿಗ್ರಿ ಎದ್ದಿತೋ, ಕಡ್ಡಿಗೂ ದಾರಕ್ಕೂ ನಡುವೆ ಅಷ್ಟೇ ಡಿಗ್ರಿ ತೆರೆಯುತ್ತದೆ. ದಾರವೇ ತೂಕದ ದಿಕ್ಕು. ಅದನ್ನು ಕರ್ಣವಾಗಿಟ್ಟು ಲಂಬಕೋನ ತ್ರಿಕೋನ ಬರೆಯಲಿ: ಕಡ್ಡಿಯ ದಿಕ್ಕಿನ ಬಾಹು ಆ ಕೋನದ ಪಕ್ಕದ್ದು, ಆದ್ದರಿಂದ ಕಾಸ್, ಹಲಗೆಯ ದಿಕ್ಕಿನದು ಎದುರಿನದು, ಆದ್ದರಿಂದ ಸೈನ್. ಪರೀಕ್ಷೆಯಲ್ಲಿ ಗೊಂದಲವಾದರೆ ಹಲಗೆಯನ್ನು ಮನಸ್ಸಿನಲ್ಲೇ ಮಲಗಿಸಿದರೆ ಸಾಕು. ಆಗ ಚೀಲ ಜಾರುವುದಿಲ್ಲ. ಸೊನ್ನೆಯ ಸೈನ್ ಸೊನ್ನೆ.

ಇನ್ನು ನಿಮ್ಮ ಕೆಲಸದ ಮಾತು. ಚೀಲ 60 ಕಿಲೋ, ಪಿಕಪ್ಪಿನ ಎತ್ತರ 1 ಮೀಟರ್, ಹಲಗೆ 2 ಮೀಟರ್ ಎಂದುಕೊಳ್ಳೋಣ. ತೂಕ 60 × 9.8, ಅಂದರೆ 588 ನ್ಯೂಟನ್. ಎತ್ತರವನ್ನು ಹಲಗೆಯ ಉದ್ದದಿಂದ ಭಾಗಿಸಿದರೆ ಸೈನ್ ಅರ್ಧ, ಕೋನ 30 ಡಿಗ್ರಿ. ಜಾರಿಸುವ ಬಲ 294. ಅರ್ಧಕ್ಕರ್ಧ ಉಳಿಯಿತೆಂದು ಹಿಗ್ಗಬೇಡಿ, ಗೋಣಿ ಹಲಗೆಗೆ ಉಜ್ಜುತ್ತದಲ್ಲ! ಘರ್ಷಣಾ ಗುಣಾಂಕ, ಅಂದರೆ ಒತ್ತುವ ಬಲದ ಎಷ್ಟು ಪಾಲು ಘರ್ಷಣೆಯಾಗುತ್ತದೆ ಎಂಬ ಸಂಖ್ಯೆ, 0.4 ಎಂದಿಟ್ಟುಕೊಳ್ಳಿ. ಇಲ್ಲಿ ಮಕ್ಕಳು ಅದನ್ನು ಪೂರ್ತಿ ತೂಕಕ್ಕೇ ಗುಣಿಸಿಬಿಡುತ್ತಾರೆ. ಗುಣಿಸಬೇಕಾದದ್ದು ಹಲಗೆಯನ್ನು ಒತ್ತುವ ಕಾಸ್ ಪಾಲಿಗೆ, ಅಂದರೆ 509ಕ್ಕೆ. ಘರ್ಷಣೆ 204 ಆಯಿತು. ದೂಡಲು ಒಟ್ಟು 498 ನ್ಯೂಟನ್ ಬೇಕು. ಎತ್ತಿ ಹಾಕಲು 588 ಸಾಕಿತ್ತು. ಇಷ್ಟು ಸಣ್ಣ ಲಾಭಕ್ಕೆ ಹಲಗೆ ಹೊತ್ತು ತರುವುದೇ?

4 ಮೀಟರಿನ ಹಲಗೆ ಸಿಕ್ಕಿದರೆ ಕತೆ ಬೇರೆ. ಕೋನ ಹದಿನಾಲ್ಕೂವರೆ ಡಿಗ್ರಿಗೆ ಇಳಿಯುತ್ತದೆ. ಜಾರಿಸುವ ಬಲ 147, ಘರ್ಷಣೆ 228, ಒಟ್ಟು 375. ಘರ್ಷಣೆ ತುಸು ಏರಿತು, ಆದರೂ ಲಾಭ ನಿಮ್ಮದೇ. ಇನ್ನೊಂದು ಅನುಕೂಲವೂ ಇದೆ. ಕೋನದ ಟ್ಯಾನ್ (ಸೈನನ್ನು ಕಾಸ್‌ನಿಂದ ಭಾಗಿಸಿದ್ದು) 0.4 ದಾಟಿದರೆ, ಅಂದರೆ ಸುಮಾರು 22 ಡಿಗ್ರಿ ಮೀರಿದರೆ, ಚೀಲ ತಾನಾಗಿ ಜಾರುತ್ತದೆ. ಅದು ಭಾರವೋ ಹಗುರವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಉದ್ದ ಹಲಗೆಯ ನಡುವೆ ಚೀಲ ಬಿಟ್ಟು ಬೆವರು ಒರೆಸಿಕೊಳ್ಳಬಹುದು. ಗಿಡ್ಡ ಹಲಗೆಯಲ್ಲಿ ಕೈಬಿಟ್ಟರೆ ಅದು ನೇರ ನಿಮ್ಮ ಎದೆಗೇ ಬರುತ್ತದೆ.